ಮುರಿದ ಎಲುಬಿಗೆ ಕರಗಿ ಹೋಗುವ ಲೋಹ

ಎಮ್ಮೆ ಹಾಯ್ದು, ಹುಣಸೆ ಮರದಿಂದ ಬಿದ್ದು, ಟ್ರ್ಯಾಕ್ಟರ್ ಉರುಳಿ ಎಲುಬು ಮುರಿದುಕೊಂಡವರು ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆ ಪ್ರತಿ ಊರಲ್ಲೂ ಇದ್ದಾರೆ. ಹಲವರಿಗೆ ಸ್ಟೀಲ್ ಅಥವಾ ಟೈಟೇನಿಯಂ ಪ್ಲೇಟು, ಸ್ಕ್ರೂ ಹಾಕಿರುತ್ತಾರೆ. ಎಲುಬು ಕೂಡಿದ ಮೇಲೆ ಕೆಲವರಿಗೆ, ಅದರಲ್ಲೂ ಬೆಳೆಯುವ ಮಕ್ಕಳಿಗೆ, ಅದನ್ನು ತೆಗೆಯಲು ಮತ್ತೊಂದು ಆಪರೇಷನ್ ಬೇಕಾಗುತ್ತದೆ. ಮತ್ತೆ ಖರ್ಚು, ಮತ್ತೆ ಕೂಲಿ ನಷ್ಟ. ಕೆಲಸ ಮುಗಿದ ಮೇಲೆ ಪ್ಲೇಟು ತಾನೇ ಕರಗಿ ಹೋಗುವಂತಿದ್ದರೆ?

ಅಂಥ ಲೋಹವೇ ಮೆಗ್ನೀಸಿಯಂ. ರೈತರಿಗೆ ಇದು ಹೊಸದಲ್ಲ. ಹತ್ತಿಯ ಎಲೆ ಕೆಂಪಾದಾಗ ನಾವು ಸಿಂಪಡಿಸುವ ಮೆಗ್ನೀಸಿಯಂ ಸಲ್ಫೇಟಿನಲ್ಲಿ ಇರುವುದೂ ಇದೇ. ಎಲೆಯ ಹಸಿರಿಗೆ ಇದು ಬೇಕು. ನಮ್ಮ ದೇಹದಲ್ಲೂ ಸುಮಾರು 25 ಗ್ರಾಂ ಇದೆ, ಅರ್ಧಕ್ಕಿಂತ ಹೆಚ್ಚು ಎಲುಬಿನಲ್ಲೇ. ಇದರ ತೂಕವೂ ಬಿಗಿಯೂ ಸ್ಟೀಲಿಗಿಂತ ಎಲುಬಿಗೆ ಹತ್ತಿರ.

ತೊಂದರೆ ಒಂದೇ: ಅದು ಬೇಗ ಕರಗುತ್ತದೆ. 1907ರಲ್ಲಿ ಬೆಲ್ಜಿಯಂನ ಶಸ್ತ್ರವೈದ್ಯ ಆಲ್ಬಿನ್ ಲಾಂಬೋಟ್ ಮುರಿದ ಕಾಲಿಗೆ ಮೆಗ್ನೀಸಿಯಂ ಪ್ಲೇಟು ಇಟ್ಟು ಸ್ಟೀಲ್ ಮೊಳೆ ಹೊಡೆದರು. ಎಂಟೇ ದಿನದಲ್ಲಿ ಪ್ಲೇಟು ಚೂರಾಗಿ, ಚರ್ಮದ ಕೆಳಗೆ ಗಾಳಿ ತುಂಬಿತು. ರಕ್ತದ ಉಪ್ಪುನೀರಿನಲ್ಲಿ ಎರಡು ಲೋಹ ತಾಗಿ ಬ್ಯಾಟರಿಯಂತಾಗಿ, ಮೆಗ್ನೀಸಿಯಂ ಸವೆದಿತ್ತು. ಒಂದು ಗ್ರಾಂ ಮೆಗ್ನೀಸಿಯಂ ಕರಗಿದರೆ ಸುಮಾರು ಒಂದು ಲೀಟರ್ ಜಲಜನಕ ಅನಿಲ ಹುಟ್ಟುತ್ತದೆ. ಎಲುಬು ಕೂಡಲು ಮಾತ್ರ ಸುಮಾರು ಮೂರು ತಿಂಗಳು ಆಸರೆ ಬೇಕು.

ಇಲ್ಲಿ ಲೇಸರ್ ನೆರವಿಗೆ ಬರುತ್ತದೆ. ಲೇಸರ್ ಕಿರಣ ಲೋಹದ ಮೇಲ್ಪದರವನ್ನಷ್ಟೇ ಕ್ಷಣದಲ್ಲಿ ಕರಗಿಸುತ್ತದೆ. ಕೆಳಗಿನ ತಣ್ಣನೆಯ ಲೋಹ ಆ ಬಿಸಿಯನ್ನು ಎಳೆದುಕೊಳ್ಳುವುದರಿಂದ ಪದರ ಕೂಡಲೇ ಗಟ್ಟಿಯಾಗುತ್ತದೆ. ನಿಧಾನವಾಗಿ ಆರಿದರೆ ಲೋಹದ ಹರಳು ದಪ್ಪ, ಬೇಗ ಆರಿದರೆ ಸಣ್ಣ. ಮಿಶ್ರಲೋಹದಲ್ಲಿ ಅಲ್ಲಲ್ಲಿ ಗುಂಪುಗೂಡಿದ್ದ ಬೇರೆ ಲೋಹಗಳೂ ಸಮನಾಗಿ ಹರಡುತ್ತವೆ. ಆಗ ಸವೆತ ನಿಧಾನವಾಗುತ್ತದೆ. ಆದರೆ ಕಿರಣದ ಶಾಖ, ವೇಗ ತಪ್ಪಿದರೆ ಪದರದಲ್ಲಿ ಬಿರುಕು ಬೀಳಬಹುದು. ಆದ್ದರಿಂದ ಈ ಲೇಸರ್ ವಿಧಾನ ಹೆಚ್ಚಾಗಿ ಪ್ರಯೋಗಶಾಲೆಯಲ್ಲೇ ಇದೆ.

ಲೇಸರ್ ಇಲ್ಲದೆ, ಮಿಶ್ರಲೋಹವನ್ನೇ ಸುಧಾರಿಸಿ ಮಾಡಿದ ಜರ್ಮನಿಯ ಮೆಗ್ನೀಸಿಯಂ ಸ್ಕ್ರೂಗೆ 2013ರಲ್ಲಿ ಯುರೋಪಿನಲ್ಲಿ ಅನುಮತಿ ಸಿಕ್ಕಿತು. ನಮ್ಮ ಹೈದರಾಬಾದಿನ ಬಾಲಾಪುರದ ಎ.ಆರ್.ಸಿ.ಐ. ಸಂಸ್ಥೆಯಲ್ಲಿ ಲೋಹಗಳಿಗೆ ಲೇಸರ್ ಸಂಸ್ಕರಣೆ ಮಾಡುವ ಕೇಂದ್ರವೇ ಇದೆ. ಅದೇ ಸಂಸ್ಥೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಜೊತೆಗೂಡಿ, ದೇಹದಲ್ಲಿ ಕರಗುವ ಕಬ್ಬಿಣ–ಮ್ಯಾಂಗನೀಸ್ ಮಿಶ್ರಲೋಹ ತಯಾರಿಸಿರುವುದು 2020ರಲ್ಲಿ ಪ್ರಕಟವಾಯಿತು. ಮೆಗ್ನೀಸಿಯಂ ಅವಸರದ್ದು, ಕಬ್ಬಿಣ ಬಲು ನಿಧಾನದ್ದು. ಎಲುಬು ಕೂಡುವ ವೇಗಕ್ಕೆ ಇವನ್ನು ಹೊಂದಿಸುವುದೇ ವಿಜ್ಞಾನಿಗಳ ಕೆಲಸ.

ಅಲ್ಲಿಯವರೆಗೆ ನಾವು ನೆನಪಿಡಬೇಕಾದ್ದು:

1. ಎಲುಬು ಮುರಿದರೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಹಲಗೆ ಕಟ್ಟಿ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ. ಗಾಯವಿದ್ದರೆ ಶುಭ್ರ ಬಟ್ಟೆ ಮುಚ್ಚಿರಿ.

2. ಈಗಾಗಲೇ ಪ್ಲೇಟು ಇದ್ದವರು ಹೆದರಬೇಕಿಲ್ಲ. ತೆಗೆಯಬೇಕೋ ಬೇಡವೋ ಎಂದು ಡಾಕ್ಟರನ್ನೇ ಕೇಳಿರಿ. ಆಪರೇಷನ್ ಕಾಗದ, ಎಕ್ಸ್‌ರೇ ಜೋಪಾನವಾಗಿಡಿ.

3. ಪ್ಲೇಟಿನ ಜಾಗದಲ್ಲಿ ಬಾವು, ಕೀವು, ಜ್ವರ ಕಂಡರೆ ತಡಮಾಡಬೇಡಿ.

4. ಬೀಡಿ ಬಿಡಿ. ಹೊಗೆ ಎಲುಬು ಕೂಡುವುದನ್ನು ತಡಮಾಡುತ್ತದೆ.