ಸಭಾಪಾಲಕನಿಗೆ ಲೆಕ್ಕ ಕೇಳುವವರು ಯಾರು?

ಕೋಲಾರದ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗಳಲ್ಲಿ ಒಂದು ಕಾಲಕ್ಕೆ ಎಲ್ಲವೂ ಕಂಪನಿಯದೇ. ಮನೆ, ನೀರು, ದೀಪ, ಆಸ್ಪತ್ರೆ ಎಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನಕ್ಕೆ ಕೈ ಹಾಕಿದ ಮೇಲೆ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಕೂಲಿಗೆ ಬಂದ ದಲಿತ ಕುಟುಂಬಗಳಲ್ಲಿ ಕ್ರೈಸ್ತರೂ ಹಲವರಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕಾರ್ಮಿಕರ ಮಕ್ಕಳು ಮಾರಿಕುಪ್ಪಂ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ಫಾದರ್, ಅಯ್ಯನವರು, ಪಾಸ್ಟರ್ ಎಂದೆಲ್ಲ ಕರೆಸಿಕೊಳ್ಳುವ ಸಭಾಪಾಲಕರು ಮಾತ್ರ ಊರಲ್ಲೇ ಉಳಿದರು. ಯಾರ ಮನೆಯಲ್ಲಿ ಸಾಲ, ಯಾರ ಎದೆಯಲ್ಲಿ ಗಣಿಯ ದೂಳು, ಯಾರ ಮಗಳ ಮದುವೆ ನಿಂತಿದೆ ಎಂಬುದೆಲ್ಲ ಅವರಿಗೆ ಗೊತ್ತು. ಸ್ಕೂಲ್ ಸೀಟಿಗೆ ಪತ್ರ ಬೇಕಾದರೂ ಅವರ ಬಾಗಿಲಿಗೇ ಹೋಗಬೇಕು.

ಇದು ಸಣ್ಣ ಅಧಿಕಾರವಲ್ಲ. ಕುರಿಗಳನ್ನು ಮೇಯಿಸದೆ ತಾವೇ ಮೇದ ಕುರುಬರನ್ನು ಯೆಹೆಜ್ಕೇಲ ಪ್ರವಾದಿ ಖಾರವಾಗಿಯೇ ಬೈದಿದ್ದಾನೆ. ಬೋಧಕರಿಗೆ ತೀರ್ಪು ಹೆಚ್ಚು ಕಠಿಣ ಎಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ.

ಕೋಲಾರ ಸೀಮೆಯಲ್ಲಿ ಇಂಥ ಅಧಿಕಾರಕ್ಕೊಂದು ಹಳೆಯ ಉದಾಹರಣೆಯಿದೆ. 1876–78ರ ಭೀಕರ ಬರದಲ್ಲಿ ಅನಾಥರಾದ ಮಕ್ಕಳನ್ನು ಮಿಸ್ ಆನ್‌ಸ್ಟಿ ಎಂಬ ಮಿಷನರಿ ಕೋಲಾರದಲ್ಲಿ ಸಾಕಿದರು. 1890ರಲ್ಲಿ ಆಕೆಯ ಮಿಷನ್ ಮೆಥಡಿಸ್ಟರ ಕೈಗೆ ಬಂತು. ಆಕೆಯ ಅನ್ನ ತಿಂದು ಬದುಕಿದವರು ಎಷ್ಟೋ. ಆದರೆ ಅನ್ನ ಹಾಕುವವರೇ ಧರ್ಮವನ್ನೂ ಬೋಧಿಸುವಾಗ, ಹಸಿದ ಮಗು ಬೇಡ ಎನ್ನಲು ಸಾಧ್ಯವಿತ್ತೇ? ಆಕೆಯ ಪ್ರಾಮಾಣಿಕತೆಯನ್ನು ನಾನು ಸಂಶಯಿಸುವುದಿಲ್ಲ. ಅಷ್ಟಾದರೂ ಈ ಪ್ರಶ್ನೆ ತಪ್ಪುವುದಿಲ್ಲ.

ಒಳ್ಳೆಯ ಮನಸ್ಸೊಂದೇ ಸಾಲದು ಎಂಬುದು ಸಭೆಗಳಿಗೂ ಗೊತ್ತು, ಅದಕ್ಕೇ ಕಟ್ಟುಪಾಡು. ಭಾನುವಾರದ ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಕಾಣಿಕೆ ಚೀಲವನ್ನು ಮೇಜಿನ ಮೇಲೆ ಸುರಿಯುತ್ತಾರೆ. ಹತ್ತರ ನೋಟು ಒಂದು ಕಡೆ, ನೂರರದು ಇನ್ನೊಂದು ಕಡೆ, ಚಿಲ್ಲರೆ ಸಾಲಾಗಿ. ಇಬ್ಬರು ಎಣಿಸಿ, ಪುಸ್ತಕದಲ್ಲಿ ಬರೆದು, ಸಹಿ ಹಾಕುತ್ತಾರೆ. ಎಣಿಸುವವರಲ್ಲಿ ಅಯ್ಯನವರು ಇರದಿದ್ದರೆ ಅವರಿಗೂ ಒಳ್ಳೆಯದು, ಸಭೆಗೂ ಒಳ್ಳೆಯದು. ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆ ಇನ್ನೂ ಸ್ಪಷ್ಟ: ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಅದಕ್ಕೇ ಬಳಸಬೇಕು, ಕೊಟ್ಟ ವಿಶ್ವಾಸಿಗಳಿಗೆ ಲೆಕ್ಕ ಒಪ್ಪಿಸಬೇಕು.

ದುಡ್ಡಿಗಿಂತ ನಾಜೂಕಾದದ್ದು ಗುಟ್ಟು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಬಾಯಿಬಿಟ್ಟ ಗುರುವಿಗೆ ಬಹಿಷ್ಕಾರವೇ ಶಿಕ್ಷೆ. ಆದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಪಾದ್ರಿಗಳಿಗೆ ಅದರಲ್ಲಿ ವಿನಾಯಿತಿ ಬರೆದಿಲ್ಲ. ಈ ಎರಡರ ನಡುವಿನ ಇಕ್ಕಟ್ಟು ಇನ್ನೂ ಬಗೆಹರಿದಿಲ್ಲ. ಆದರೆ ಗುಟ್ಟಿನ ಕಟ್ಟು ಇರುವುದು ಪಾಪನಿವೇದನೆಯಲ್ಲಿ ಕೇಳಿದ ಮಾತಿಗೆ. ಆಫೀಸಿಗೆ ಬಂದು ಅತ್ತ ತಾಯಿಯ ದೂರನ್ನು ಅದರ ಹೆಸರಿನಲ್ಲಿ ಮುಚ್ಚಿಡುವುದು ಶುದ್ಧ ನೆಪ. 2019ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಆದೇಶ ಇಂಥ ದೂರನ್ನು ಮೇಲಿನವರಿಗೆ ತಿಳಿಸುವುದನ್ನು ಗುರುಗಳಿಗೆ ಕಡ್ಡಾಯ ಮಾಡಿತು. ಮುಚ್ಚಿಹಾಕಿದ ಧರ್ಮಾಧ್ಯಕ್ಷರನ್ನೂ ವಿಚಾರಣೆಯ ವ್ಯಾಪ್ತಿಗೆ ತಂದಿತು.

ಧರ್ಮಾಧ್ಯಕ್ಷರಾಗಲಿ ಕಮಿಟಿಯಾಗಲಿ ವರ್ಗಾವಣೆಯಾಗಲಿ ಇಲ್ಲದ ಸ್ವತಂತ್ರ ಸಭೆಗಳ ಕತೆಯೇ ಬೇರೆ. ಬಾಡಿಗೆ ಹಾಲಿನಲ್ಲಿ ಸಭೆ ಕಟ್ಟಿ ಊರಿನ ಕಷ್ಟಕ್ಕೆ ಹೆಗಲು ಕೊಟ್ಟ ಪಾಸ್ಟರುಗಳು ಇದ್ದಾರೆ. ದಶಮಾಂಶ ಕಾಣಿಕೆಯ ಲೆಕ್ಕ ಕೇಳಿದವನಿಗೆ, ದೇವರ ಅಭಿಷಿಕ್ತನ ಮೇಲೆ ಕೈಯೆತ್ತಬಾರದೆಂಬ ದಾವೀದನ ಮಾತು ತೋರಿಸಿ ಬಾಯಿ ಮುಚ್ಚಿಸುವವರೂ ಇದ್ದಾರೆ. ದಾವೀದ ಹಾಗೆಂದದ್ದು ಗವಿಯಲ್ಲಿ ಕೈಗೆ ಸಿಕ್ಕ ಅರಸ ಸೌಲನನ್ನು ಕೊಲ್ಲಲು ಒಪ್ಪದೆ. ಮುಂದೆ ಅವನೇ ಅಭಿಷಿಕ್ತ ಅರಸನಾಗಿ ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿ ಆತನ ಹೆಂಡತಿಯನ್ನು ತನ್ನವಳಾಗಿ ಮಾಡಿಕೊಂಡಾಗ, ನಾತಾನ ಪ್ರವಾದಿ ಅರಮನೆಗೇ ಹೋಗಿ ತಪ್ಪು ಮಾಡಿದವನು ನೀನೇ ಎಂದ. ದಾವೀದ ಅವನನ್ನು ಹೊರಗೆ ಹಾಕಿಸಲಿಲ್ಲ, ತಪ್ಪು ಒಪ್ಪಿಕೊಂಡ.