ಹೂಲಿಯ ಹಾದಿಯಲ್ಲಿ ಹೆರಾಲ್ಡ್

ಸವದತ್ತಿಗೆ ಸಮೀಪದ ಹೂಲಿಯು ಶಾಸನಗಳಲ್ಲಿ ‘ಪೂಲಿ’ ಎಂದು ಕಾಣಿಸಿಕೊಳ್ಳುವ ಪುರಾತನ ಗ್ರಾಮ. ಬೆಟ್ಟದ ಮೇಲೆ ಕೋಟೆ, ಕೆಳಗೆ ಪಂಚಲಿಂಗೇಶ್ವರನ ಗುಡಿ, ಸುತ್ತಲೂ ಪಾಳುಬಿದ್ದ ದೇಗುಲಗಳು. ಎಲ್ಲಮ್ಮನ ಗುಡ್ಡಕ್ಕೆ ಹೊರಟವರಲ್ಲಿ ಹಳೆಯ ಗುಡಿಗಳ ಗೀಳುಳ್ಳವರು ಇತ್ತ ಕಡೆ ತಿರುಗುವುದುಂಟು. ಅಂಥ ಕುಟುಂಬವೊಂದು ಅಜ್ಜನ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿ ಧಾರವಾಡದಿಂದ ಬಂದಿತೆಂದು ಭಾವಿಸೋಣ. ದರ್ಶನ ಮುಗಿಸಿ ಹೊರಡುವಾಗ ಕ್ಲಚ್ಚಿನ ಪೆಡಲು ಹಸಿಮಣ್ಣನ್ನು ಮೆಟ್ಟಿದಂತೆ ಮೆತ್ತಗೆ ಇಳಿದುಹೋಗುತ್ತದೆ. ಗೇರು ಕರಕರನೆ ಕೂಗುತ್ತದೆಯೇ ಹೊರತು ಬೀಳುವುದಿಲ್ಲ. ಮುಂದೆ ಗುಡ್ಡದ ಏರುದಾರಿ. ಹುಣ್ಣಿಮೆಯ ಜಾತ್ರೆಯಾದರಂತೂ ಚಕ್ಕಡಿ, ಬಸ್ಸು, ಕಾಲುನಡಿಗೆಯ ಭಕ್ತರ ಸಾಲು.

ಇಂಗ್ಲೆಂಡಿನ ಟ್ರಯಂಫ್ ಕಂಪನಿ 1959ರಲ್ಲಿ ಹೊರತಂದ ಈ ಕಾರಿಗೆ ರೂಪ ಕೊಟ್ಟವನು ಇಟಲಿಯ ಮಿಕೆಲೋಟ್ಟಿ. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಅದನ್ನು ನಮ್ಮಲ್ಲಿಯೂ ತಯಾರಿಸತೊಡಗಿತು. ಮುಂದಿನ ಮುಚ್ಚಳ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಗಾಲಿಯ ಮೇಲೆಯೇ ಕುಳಿತು ರಿಪೇರಿ ಮಾಡಬಹುದು. ಇಷ್ಟು ಸೌಜನ್ಯವುಳ್ಳ ಕಾರು ಇನ್ನೊಂದಿಲ್ಲವೆಂದು ಅದರ ಅಭಿಮಾನಿಗಳು ಹೇಳುವುದು ಪೂರ್ಣ ಉತ್ಪ್ರೇಕ್ಷೆಯೇನೂ ಅಲ್ಲ.

ಇದರ ಕ್ಲಚ್ಚಿಗೆ ಕಾಲಿನ ಬಲವನ್ನು ಒಯ್ಯುವುದು ತಂತಿಯಲ್ಲ, ದ್ರವ. ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನ ದ್ರವ ಸಣ್ಣ ಕೊಳವೆಯಲ್ಲಿ ಹರಿದು, ಗೇರುಪೆಟ್ಟಿಗೆಯ ಬಳಿಯ ಸ್ಲೇವ್ ಸಿಲಿಂಡರನ್ನು ತಳ್ಳುತ್ತದೆ. ಕೂಡಿಟ್ಟ ದ್ರವದ ಮೇಲಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುತ್ತದೆಂದು ಹದಿನೇಳನೆಯ ಶತಮಾನದಲ್ಲಿಯೇ ಫ್ರಾನ್ಸಿನ ಪಾಸ್ಕಲ್ ತೋರಿಸಿಕೊಟ್ಟಿದ್ದ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕೊಳವೆಯಲ್ಲಿ ಒಂದಿಷ್ಟು ಗಾಳಿ ಸೇರಿತೆಂದರೆ ಕಾಲಿನ ಶ್ರಮವೆಲ್ಲ ಅದನ್ನು ಹಿಸುಕುವುದರಲ್ಲೇ ಮುಗಿದು, ಕ್ಲಚ್ಚಿಗೆ ಏನೂ ಮುಟ್ಟುವುದಿಲ್ಲ.

ಆದರೆ ನಿಜವಾದ ಆಪತ್ತು ಗಾಳಿಯಿಂದಲ್ಲ, ಒಂದು ಹೆಸರಿನಿಂದ. ಈ ದ್ರವವನ್ನು ನಮ್ಮ ಗ್ಯಾರೇಜುಗಳಲ್ಲಿ ಎಲ್ಲರೂ ‘ಬ್ರೇಕ್ ಆಯಿಲ್’ ಎನ್ನುತ್ತಾರೆ. ಆಯಿಲ್ ಎಂದ ಮೇಲೆ ಯಾವುದಾದರೇನು ಎಂದು, ಡಬ್ಬಿ ಸಿಗದ ಊರಿನಲ್ಲಿ ಎಂಜಿನ್ ಆಯಿಲನ್ನೇ ಸುರಿಯುವ ಉಪಕಾರಿಗಳು ಎಲ್ಲ ಕಡೆಯೂ ಇದ್ದಾರೆ. ಹಿಂದೊಮ್ಮೆ ಔಡಲೆಣ್ಣೆಗೆ ಆಲ್ಕೊಹಾಲ್ ಬೆರೆಸಿ ಈ ದ್ರವವನ್ನು ಮಾಡುತ್ತಿದ್ದುದು ಸತ್ಯವೇ; ಆಗ ಎಣ್ಣೆಯೆಂಬ ಹೆಸರಿಗೆ ಅರ್ಥವಿತ್ತು. ಇಂದು ಡಾಟ್ 3, ಡಾಟ್ 4 ಎಂಬ ಗುರುತಿನಿಂದ ಬರುವುದು ಗ್ಲೈಕಾಲ್ ಜಾತಿಯ ರಸಾಯನ. ಖನಿಜತೈಲ ತಗುಲಿದರೆ ಸಿಲಿಂಡರಿನೊಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಆಮೇಲೆ ಎಲ್ಲವನ್ನೂ ಬಿಚ್ಚಿ, ತೊಳೆದು, ಹೊಸ ರಬ್ಬರು ಹಾಕದೆ ಗತಿಯಿಲ್ಲ. ಇಷ್ಟಕ್ಕೇ ಮುಗಿದರೆ ಖರ್ಚಿನ ಮಾತು. ಹೆರಾಲ್ಡಿನಲ್ಲಿ ಕ್ಲಚ್ಚಿನ ದ್ರವದ ಬಟ್ಟಲೂ ಬ್ರೇಕಿನ ಬಟ್ಟಲೂ ಅಕ್ಕಪಕ್ಕದಲ್ಲಿವೆ. ಗಡಿಬಿಡಿಯ ಕೈ ಒಂದು ಗೇಣು ಆಚೆಗೆ ಸರಿದರೆ, ಗುಡ್ಡದಿಂದ ಇಳಿಯುವಾಗ ಬ್ರೇಕೇ ಕೈಕೊಡಬಹುದು.

ಆದ್ದರಿಂದ ಸವದತ್ತಿಯಿಂದ ಡಬ್ಬಿ ಬರುವವರೆಗೆ ಪಂಚಲಿಂಗೇಶ್ವರನ ನೆರಳಿನಲ್ಲಿ ಕುಳಿತಿರುವುದೇ ಲೇಸು. ಮೊದಲನೆಯ ಗೇರು ಹಾಕಿ ಸ್ಟಾರ್ಟರಿನಿಂದಲೇ ಕಾರನ್ನು ಎಳೆಸುವ ಯುಕ್ತಿಯೊಂದಿದೆ. ಬರಿದಾದ ಬಯಲುದಾರಿಗೆ ಅದು ಸರಿ, ಜಾತ್ರೆಯ ದಾರಿಗೆ ಸಲ್ಲದು.

ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಗೇರುಪೆಟ್ಟಿಗೆಯ ಹೊದಿಕೆಯನ್ನು ಕಾರಿನ ಒಳಗಿನಿಂದ ಬಿಚ್ಚಿದರೆ ಸ್ಲೇವ್ ಸಿಲಿಂಡರು ಕೈಗೆ ಸಿಗುತ್ತದೆ. ಅದರ ನಿಪ್ಪಲಿಗೆ ನಳಿಗೆಯೊಂದನ್ನು ಸಿಕ್ಕಿಸಿ, ತುದಿಯನ್ನು ಸ್ವಲ್ಪ ದ್ರವವಿರುವ ಗಾಜಿನ ಬಾಟಲಿಯಲ್ಲಿ ಮುಳುಗಿಸಬೇಕು. “ಒತ್ರಿ ಸಾಹೇಬ್ರ” ಎಂದು ಮಿಸ್ತ್ರಿ ಕೂಗುತ್ತಾನೆ. ಸಾಹೇಬರು ಪೆಡಲನ್ನು ಮೆಲ್ಲಗೆ ಒತ್ತುತ್ತಾರೆ. ಮಿಸ್ತ್ರಿ ಪಾನಾ ತಿರುಗಿಸುತ್ತಲೇ ಬಾಟಲಿಯಲ್ಲಿ ಗುಳುಗುಳು ಗುಳ್ಳೆಗಳೇಳುತ್ತವೆ. ಪೆಡಲು ತಳ ಮುಟ್ಟಿದಾಗ “ಹಂಗs ಹಿಡೀರಿ” ಎಂದು ನಿಪ್ಪಲನ್ನು ಬಿಗಿದ ಮೇಲೆಯೇ “ಬಿಡ್ರಿ” ಎಂಬ ಅಪ್ಪಣೆ. ಬಿಗಿಯುವ ಮೊದಲೇ ಕಾಲೆತ್ತಿದರೆ ಹೊರಬಂದ ಗಾಳಿ ಮತ್ತೆ ಒಳಗೆ! ಅತ್ತ ಮೇಲಿನ ಬಟ್ಟಲು ಬರಿದಾಗಲೂ ಬಾರದು. ಆದರೆ ಹೊಸ ಗಾಳಿ ಸೇರಿ ಕೆಲಸವೆಲ್ಲ ಮೊದಲಿಂದ. ಬಾಟಲಿಯಲ್ಲಿ ಸಂಗ್ರಹವಾದದ್ದನ್ನು ತಿರುಗಿ ಬಟ್ಟಲಿಗೆ ಸುರಿಯುವ ಜಿಪುಣತನವೂ ಬೇಡ. ಬಣ್ಣದ ಮೇಲೆ ಹನಿ ಬಿದ್ದರೆ ಕೂಡಲೇ ನೀರು ಹಾಕಬೇಕು. ಇಲ್ಲವಾದರೆ ಅಜ್ಜ ಹಚ್ಚಿಸಿದ ಬಣ್ಣ ಸುಲಿದುಬರುತ್ತದೆ.

ಎಷ್ಟು ಸಲ ಮಾಡಿದರೂ ಪೆಡಲು ಗಟ್ಟಿಯಾಗದಿದ್ದರೆ, ಹಿಂದೆಂದೋ ಸ್ಲೇವ್ ಸಿಲಿಂಡರನ್ನು ತಲೆಕೆಳಗಾಗಿ ಜೋಡಿಸಿರುವ ಸಂಭವವುಂಟು. ಗಾಳಿ ಏರುವುದು ಮೇಲಕ್ಕೆ. ನಿಪ್ಪಲು ಕೆಳಗಿದ್ದರೆ ಅದು ಹೊರಬರುವುದಾದರೂ ಹೇಗೆ?

ಗುಳ್ಳೆ ನಿಂತು, ಪೆಡಲು ಕಾಲಿಗೆ ಎದುರು ನಿಂತಾಗ ಎಂಜಿನ್ ನಡೆಸಿ ಹಿಂದಿನ ಗೇರು ಹಾಕಿನೋಡಬೇಕು. ಸದ್ದಿಲ್ಲದೆ ಬಿದ್ದರೆ ಹೊರಡಬಹುದು. ಆದರೆ ಬಿಗಿಯಾದ ಕೊಳವೆಗೆ ಗಾಳಿ ತಾನಾಗಿ ಬರುವಂಥದ್ದಲ್ಲ. ಎಲ್ಲಿಯೋ ಸೋರಿದ್ದರಿಂದಲೇ ಬಂದಿರಬೇಕು. ಪೆಡಲಿನ ಬುಡದ ಹಾಸು ಒದ್ದೆಯಾಗಿದ್ದರೆ ಮಾಸ್ಟರ್ ಸಿಲಿಂಡರಿನ ಸೀಲು ಸವೆದಿದೆ. ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯೊಳಗೆ ತೇವವಿದ್ದರೆ ಅದರದು. ಊರು ಮುಟ್ಟಿದ ಕೂಡಲೇ ಬದಲಿಸತಕ್ಕದ್ದು ಆ ರಬ್ಬರನ್ನು. ಅಲ್ಲಿಯವರೆಗೆ ಉಳಿದ ದ್ರವದ ಡಬ್ಬಿ, ಮುಚ್ಚಳ ಭದ್ರವಾಗಿ, ಡಿಕ್ಕಿಯಲ್ಲಿರಲಿ.