ಇರುಳಿಗೆ ಕಪ್ಪು ಬೇಡ

ಶಿಬಿರದ ರಾತ್ರಿಯ ಚಿತ್ರ ಬರೆ ಎಂದರೆ ಮಕ್ಕಳ ಕೈ ಮೊದಲು ಹೋಗುವುದು ಕಪ್ಪು ಬಣ್ಣದ ಟ್ಯೂಬಿಗೆ. ಆಕಾಶ ಸ್ಲೇಟಿನಂತಾಗುತ್ತದೆ, ನಕ್ಷತ್ರಗಳು ಸೀಮೆಸುಣ್ಣದ ಚುಕ್ಕಿಗಳಂತೆ.

ಊರ ದೀಪಗಳಿಂದ ದೂರ, ಡೇರೆಯ ಹೊರಗೆ ಮಲಗಿ ಮೇಲೆ ನೋಡಿದವರಿಗೆ ಗೊತ್ತು: ನೆತ್ತಿಯಲ್ಲಿ ಕಡುನೀಲಿ, ದಿಗಂತದತ್ತ ತುಸು ತಿಳಿ. ಕಪ್ಪಗೆ ಕಾಣುವುದು ಮುಂದೆ ನಿಂತ ಮರ, ಬೆಟ್ಟ. ಅಲ್ಟ್ರಾಮರೀನ್ ನೀಲಿಗೆ ಕೊಂಚ ಬರ್ಂಟ್ ಅಂಬರ್ ಬೆರೆಸಿದರೆ ಆ ನೆತ್ತಿಯ ಬಣ್ಣ ಸಿಗುತ್ತದೆ. ಅಕ್ರಿಲಿಕ್ ಬೇಗ ಒಣಗುವುದರಿಂದ ದಪ್ಪ ಹಾಳೆಯನ್ನು ಮೊದಲೇ ತೇವ ಮಾಡಿಕೊಂಡು, ಅಗಲ ಬ್ರಷ್ಷಿನಿಂದ ಅಡ್ಡಡ್ಡ ಎಳೆದು ಎರಡು ಛಾಯೆಗಳನ್ನು ಬೆಸೆಯಿರಿ. ಒಣಗಿದಾಗ ಬಣ್ಣ ಇನ್ನೂ ಗಾಢವಾಗುತ್ತದೆ.

ಶಾಲೆಯಲ್ಲಿ ಕಲಿಯುವ ಜಲವರ್ಣದಲ್ಲಿ ಬೆಳಕಿಗೆಂದು ಕಾಗದದ ಬಿಳುಪನ್ನೇ ಉಳಿಸಿಕೊಳ್ಳಬೇಕು. ಇಲ್ಲಿ ತದ್ವಿರುದ್ಧ. ಒಣಗಿದ ಅಕ್ರಿಲಿಕ್ ನೀರಿಗೆ ಕರಗದು. ಕತ್ತಲ ಮೇಲೆ ಬೆಳಕು ಬರೆಯಬಹುದು. ತಪ್ಪಿದ ನಕ್ಷತ್ರವನ್ನು ಮುಚ್ಚಿ ಮತ್ತೆ ಇಡಬಹುದು. ಅಳಿಸಿ ಅಳಿಸಿ ಹಾಳೆ ಹರಿಯುವ ಮಕ್ಕಳಿಗೆ ಇದೇ ದೊಡ್ಡ ಧೈರ್ಯ.

ನೀರು ಬೆರೆಸಿದ ಬಿಳಿಯಲ್ಲಿ ಹಳೆಯ ಟೂತ್‌ಬ್ರಷ್ ಅದ್ದಿ ಹೆಬ್ಬೆರಳಿನಿಂದ ಮೀಟಿದರೆ ಸಣ್ಣ ಚುಕ್ಕಿಗಳ ರಾಶಿ. (ನೆಲಕ್ಕೆ ಹಳೇ ಪತ್ರಿಕೆ ಹಾಸದಿದ್ದರೆ ಅಮ್ಮನ ಬೈಗುಳ ಖಂಡಿತ.) ಜನವರಿಯ ಆಕಾಶವಾದರೆ ಮಹಾವ್ಯಾಧನನ್ನು ಮಾತ್ರ ಸಣ್ಣ ಬ್ರಷ್ಷಿನಿಂದಲೇ ಬರೆಯಿರಿ: ನಡುಪಟ್ಟಿಯ ಮೂರು ಚುಕ್ಕಿ, ಕೆಂಪುಛಾಯೆಯ ಆರ್ದ್ರಾ, ನೀಲಿಬಿಳುಪಿನ ರೈಗೆಲ್. ಆಮೇಲೆ ಮರಗಳು.

ಕೊನೆಗೆ, ಒಳಗೆ ಟಾರ್ಚ್ ಬೆಳಗುತ್ತಿರುವ ಡೇರೆ. ನೀಲಿಯ ಮೇಲೆ ನೇರ ಹಳದಿ ಬಳಿದರೆ ಹಸಿರಾಗಿ ಮಂಕಾಗುತ್ತದೆ. ಮೊದಲು ಬಿಳಿ ಬಳಿದು, ಒಣಗಿದ ಮೇಲೆ ಹಳದಿ. ಬಾಗಿಲ ಮುಂದಿನ ಹುಲ್ಲಿಗೂ ಅದೇ ಹಳದಿ ಸ್ವಲ್ಪ ತಾಗಲಿ. ಬ್ರಷ್ಷನ್ನು ಕೂಡಲೇ ತೊಳೆಯಿರಿ. ಬಣ್ಣ ಒಣಗಿದರೆ ಅದು ಬರೀ ಕಡ್ಡಿ.